ಕರ್ನಾಟಕದ ಮೊದಲ ಟಿವಿ ಕೇಂದ್ರ ಕಲಬುರಗಿ: ನಿಮ್ಮೂರಿಗೆ ಸಿಗ್ನಲ್ ಬರ್ತಿತ್ತಾ?

ತೊಗರಿ ನಾಡು

ಎಲ್ಲರಿಗೂ ನಮಸ್ಕಾರ.

ಕರ್ನಾಟಕದಲ್ಲಿ ಟಿವಿ ಪ್ರಸಾರ ಮೊದಲು ಶುರುವಾಗಿದ್ದು ಎಲ್ಲಿ ಅಂತ ಯಾರನ್ನಾದರೂ ಕೇಳಿ ನೋಡಿ. ಬೆಂಗಳೂರು ಅಂತಾರೆ. ಹೋದ ವಾರ ನನ್ನ ಮಗಳೂ ಹಾಗೇ ಅಂದಳು. ಅವಳು ಹುಟ್ಟಿದ್ದೂ ಓದುತ್ತಿರುವುದೂ ಕಲಬುರಗಿಯಲ್ಲೇ. ಕೇಳಿ ಸಂಕಟವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಂದಿದ್ದು ಕಲಬುರಗಿಗೆ, ಆಗಿನ ಗುಲಬರ್ಗಾಕ್ಕೆ. 1977ರ ಸೆಪ್ಟೆಂಬರ್ 3. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರ ನವೆಂಬರ್ 1, ರಾಜ್ಯೋತ್ಸವದ ದಿನ. ನಡುವೆ ನಾಲ್ಕು ವರ್ಷಕ್ಕೂ ಜಾಸ್ತಿ ಅಂತರ ಇದೆ.

ರಾಜಧಾನಿ ಬಿಟ್ಟು ನಮ್ಮ ಕಡೆಗೆ ಯಾಕೆ ಬಂತು? ಅದಕ್ಕೆ ಕಾರಣ ಸೈಟ್ (SITE) ಅನ್ನುವ ಪ್ರಯೋಗ. ಉಪಗ್ರಹದಿಂದ ನೇರವಾಗಿ ಹಳ್ಳಿಯ ಟಿವಿಗೆ ಕಾರ್ಯಕ್ರಮ ಕಳಿಸಿ, ಬೇಸಾಯ, ಆರೋಗ್ಯ, ಮಕ್ಕಳ ಪಾಠ ತಲುಪಿಸಬಹುದಾ ಅಂತ ನೋಡುವ ಪ್ರಯೋಗ ಅದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ನಡೆಯಿತು. ಉಪಗ್ರಹ ಅಮೆರಿಕದ ನಾಸಾದ್ದು, ಹೆಸರು ಎಟಿಎಸ್-6. ಆರು ರಾಜ್ಯಗಳ 2400 ಹಳ್ಳಿ ಆರಿಸಿದರು. ನಮ್ಮ ರಾಜ್ಯದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಆಗ ಯಾದಗಿರಿ, ಕೊಪ್ಪಳ, ಬಾಗಲಕೋಟೆ ಬೇರೆ ಜಿಲ್ಲೆ ಆಗಿರಲಿಲ್ಲ. ಹಿಂದುಳಿದ ಪ್ರದೇಶ ಅಂತಲೇ ನಮ್ಮನ್ನು ಆರಿಸಿದ್ದು.

ವರ್ಷ ಮುಗಿದ ಮೇಲೆ ಅಮೆರಿಕದವರು ಉಪಗ್ರಹವನ್ನು ವಾಪಸ್ ತೆಗೆದುಕೊಂಡರು. ಹಳ್ಳಿಯ ಟಿವಿಗಳು ಸುಮ್ಮನಾದವು. ಆ ಹಳ್ಳಿಗಳನ್ನು ಕೈಬಿಡಬಾರದು ಅಂತ ಸರ್ಕಾರ ನೆಲದ ಮೇಲೆ ಟವರ್ ನಿಲ್ಲಿಸಿತು. ಜೈಪುರ, ರಾಯಪುರ, ಮುಜಫ್ಫರಪುರ, ಸಂಬಲಪುರ, ಹೈದರಾಬಾದ್, ಮತ್ತೆ ನಮ್ಮ ಗುಲಬರ್ಗಾ.

ಈಗ ನನ್ನ ಕೋರಿಕೆ. ನಾನೊಂದು ನಕ್ಷೆ ಮಾಡುತ್ತಿದ್ದೇನೆ. ಕಲಬುರಗಿ ಟವರಿನ ಸಿಗ್ನಲ್ ನಿಜವಾಗಿ ಯಾವ ಯಾವ ಊರಿಗೆ ಬರುತ್ತಿತ್ತು ಅನ್ನುವುದು ಅದರಲ್ಲಿ ಇರಬೇಕು. ಕಾಗದದ ಮೇಲೆ ಗುಂಡಗೆ ಗೆರೆ ಎಳೆದು ಇಷ್ಟು ಕಿಲೋಮೀಟರ್ ಅನ್ನುವುದು ಸುಲಭ. ನನಗೆ ಬೇಕಿರುವುದು ನೀವು ಕಣ್ಣಾರೆ ಕಂಡದ್ದು. ನಿಮ್ಮೂರು ಯಾವುದು, ಕಂಬ ಎಷ್ಟು ಎತ್ತರ ಇತ್ತು, ಚಿತ್ರ ಹೇಗೆ ಬರುತ್ತಿತ್ತು, ಇಷ್ಟು ಬರೆಯಿರಿ. ಅಂದು ನೋಡಿದ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಈಗ ಬರೆದಿಡದಿದ್ದರೆ ಇನ್ನು ಹತ್ತು ವರ್ಷಕ್ಕೆ ಕೇಳಲು ಯಾರೂ ಸಿಗುವುದಿಲ್ಲ.

ಭೀಮಾ ತೀರ

ಒಳ್ಳೆ ಕೆಲಸ ಹಿಡಿದಿದ್ದೀರಿ ಅಣ್ಣಾ. ನಮ್ಮದು ಜೇವರ್ಗಿ ತಾಲೂಕು, ಭೀಮಾ ನದಿಯ ದಂಡೆಯ ಮೇಲಿನ ಹಳ್ಳಿ. ನಮಗೆ ಬರುತ್ತಿತ್ತು, ಚೆನ್ನಾಗೇ ಬರುತ್ತಿತ್ತು. ನಡುವೆ ಗುಡ್ಡ ಇಲ್ಲ, ಗಿಡ ಇಲ್ಲ, ಎಲ್ಲಾ ಎರೆ ಹೊಲ.

ಊರಲ್ಲಿ ಇದ್ದದ್ದು ಒಂದೇ ಟಿವಿ, ಪಂಚಾಯ್ತಿ ಕಟ್ಟಡದಲ್ಲಿ. ನನಗೆ ನೆನಪಿರುವುದು 80ರ ದಶಕದ ಶುರು. ಸಂಜೆ ದನ ಕಟ್ಟಿ, ಕೈಕಾಲು ತೊಳೆದು ಎಲ್ಲರೂ ಅಲ್ಲಿಗೇ. ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ, ನಾವು ಹುಡುಗರು ಮುಂದೆ ಫರಸಿ ಕಲ್ಲಿನ ಮೇಲೆ. ಟಿವಿಗೆ ಮರದ ಪೆಟ್ಟಿಗೆ, ಅದಕ್ಕೆ ಬೀಗ. ಬೀಗದ ಕೈ ಇದ್ದದ್ದು ತಳವಾರರ ಹತ್ತಿರ. ಅವರು ಬರುವುದು ತಡವಾದರೆ ಒಬ್ಬ ಹುಡುಗ ಓಡಿ ಹೋಗಿ ಕರೆದುಕೊಂಡು ಬರಬೇಕು.

ತೊಗರಿ ಬೆಳೆಗೆ ಕಾಯಿಕೊರಕ ಹುಳ ಬಿದ್ದಾಗ ಏನು ಹೊಡೆಯಬೇಕು ಅಂತ ಒಂದು ಸಲ ತೋರಿಸಿದರು. ನಮ್ಮಪ್ಪ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಕಾಯಿ ಬಿಡಿಸಿ ಬಿಡಿಸಿ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಟಿವಿಯಲ್ಲಿ ಕಂಡದ್ದು ನಮ್ಮ ಹೊಲದಲ್ಲೂ ಇತ್ತು. ಹೇಳಿದ್ದು ನಮ್ಮ ಕಡೆಯ ಮಾತಿನಲ್ಲಿ. ಅದೇ ದೊಡ್ಡ ವಿಷಯ ನಮಗೆ.

ಬೆಂಗಳೂರು ಉತ್ತರ

ಓದಿ ಖುಷಿಯಾಯಿತು. ನಾನೂ ಬೆಂಗಳೂರೇ ಮೊದಲು ಅಂದುಕೊಂಡಿದ್ದೆ, ತಿದ್ದಿಕೊಂಡೆ. ಒಂದು ಪ್ರಶ್ನೆ. ದೇಶದಲ್ಲಿ ಟಿವಿ ದೆಹಲಿಯಲ್ಲಿ ಶುರುವಾಗಿದ್ದು 1959ರಲ್ಲಿ, ಮುಂಬೈಗೆ 1972ರಲ್ಲಿ, ಮದ್ರಾಸಿಗೆ 1975ರಲ್ಲಿ ಬಂತು. ಹಾಗಾದರೆ 1977ಕ್ಕೂ ಮುಂಚೆ, ಅಂದರೆ 1975ರಲ್ಲೇ ನಿಮ್ಮ ಹಳ್ಳಿಗಳು ಕನ್ನಡ ಟಿವಿ ನೋಡಿದವು ಅಂತ ಆಯಿತಲ್ವಾ? ಆಗ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದುದು ಎಲ್ಲಿ?

ವಿಜ್ಞಾನ ಮೇಷ್ಟ್ರು

ಹೌದು, 1975ರಲ್ಲೇ ನೋಡಿದವು. ನಾನು ಆಗ ಹೈಸ್ಕೂಲ್ ವಿದ್ಯಾರ್ಥಿ. ಆಮೇಲೆ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದೆ. ಈ ವಿಷಯದ ಮೇಲಿನ ಆಸೆ ಹುಟ್ಟಿದ್ದೇ ಆ ಟಿವಿಯಿಂದ.

ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಪ್ರಯೋಗಕ್ಕೆ ಅಂತ ದೆಹಲಿ, ಕಟಕ್, ಹೈದರಾಬಾದ್ ಮೂರು ಕಡೆ ಕಾರ್ಯಕ್ರಮ ತಯಾರಿ ಕೇಂದ್ರ ಇದ್ದವು. ತೆಲುಗು, ಕನ್ನಡ ಎರಡೂ ಹೈದರಾಬಾದಿನ ಪಾಲು. ಸಿಗ್ನಲ್ ಉಪಗ್ರಹಕ್ಕೆ ಏರುತ್ತಿದ್ದುದು ಅಹಮದಾಬಾದಿನ ಭೂಕೇಂದ್ರದಿಂದ.

ಇದರಲ್ಲಿ ಒಂದು ಚಂದದ ಸಂಗತಿ ಇದೆ. ಚಿತ್ರಕ್ಕೆ ಇದ್ದದ್ದು ಒಂದೇ ದಾರಿ, ಧ್ವನಿಗೆ ಎರಡು. ಹಾಗಾಗಿ ಒಂದೇ ಚಿತ್ರ ಆಂಧ್ರದ ಹಳ್ಳಿಯಲ್ಲಿ ತೆಲುಗು ಮಾತಾಡುತ್ತಿತ್ತು, ನಮ್ಮ ಹಳ್ಳಿಯಲ್ಲಿ ಕನ್ನಡ. ಅದೇ ಎತ್ತು, ಅದೇ ಬಾವಿ, ಅದೇ ರೈತ, ಮಾತು ಮಾತ್ರ ಬೇರೆ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ.

ಊರಲ್ಲಿ ನಿಲ್ಲಿಸಿದ್ದ ಆಂಟೆನಾ ಈಗಿನ ಡಿಶ್ ಥರ ಪುಟ್ಟದಲ್ಲ. ಹತ್ತು ಅಡಿ ಅಗಲ. ಕೋಳಿ ಗೂಡಿಗೆ ಹಾಕುವ ತಂತಿ ಬಲೆ ಇರುತ್ತಲ್ಲ, ಅಂಥ ಬಲೆಯನ್ನು ಚೌಕಟ್ಟಿಗೆ ಬಿಗಿದು ಮಾಡಿದ್ದು. ತಗಡಿನದಾಗಿದ್ದರೆ ಗಾಳಿಗೆ ಹಾರಿ ಹೋಗುತ್ತಿತ್ತು. ಬಲೆ ಆದ್ದರಿಂದ ಗಾಳಿ ಒಳಗಿಂದ ಹಾದು ಹೋಗುತ್ತಿತ್ತು, ಖರ್ಚೂ ಕಡಿಮೆ. ಆ ಬಲೆಯ ಕಣ್ಣಿನ ಮೂಲಕ ಸಿಗ್ನಲ್ ಸೋರಿ ಹೋಗುವುದಿಲ್ವಾ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಹೋಗುವುದಿಲ್ಲ. ಆ ಪ್ರಸಾರ 860 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅದಕ್ಕಿಂತ ಎಷ್ಟೋ ಚಿಕ್ಕದು. ಅಲೆಗೆ ಅದು ಗೋಡೆ ಇದ್ದ ಹಾಗೆ.

ತುಂಗಭದ್ರೆ

ನಮ್ಮದು ರಾಯಚೂರು ಜಿಲ್ಲೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಯಾಕೆಂದರೆ ಕಲಬುರಗಿ ಸಿಗ್ನಲ್ ನಮಗೆ ಬರಲೇ ಇಲ್ಲ. ನಿಮ್ಮ ನಕ್ಷೆಗೆ ಅದೂ ಬೇಕಲ್ವಾ?

ನಮ್ಮ ಅಜ್ಜಿಯ ಊರು ಸೈಟ್ ಹಳ್ಳಿ. ಒಂದು ವರ್ಷ ಟಿವಿ ಇತ್ತು. ಆಮೇಲೆ ಒಂದು ದಿನ ನಿಂತು ಹೋಯಿತು. ಅಜ್ಜಿ ಹೇಳುತ್ತಿದ್ದರು, ನಿಂತ ಮೇಲೂ ವಾರಗಟ್ಟಲೆ ಜನ ಸಂಜೆ ಶಾಲೆ ಮುಂದೆ ಬಂದು ಕೂರುತ್ತಿದ್ದರಂತೆ. ಇವತ್ತು ಬರಬಹುದು ಅಂತ. ಗುಲಬರ್ಗಾದಲ್ಲಿ ಟವರ್ ಆಯಿತಂತೆ ಅಂತ ಸುದ್ದಿ ಬಂದಾಗ ಊರಿನ ಹಿರಿಯರು ಕೂಡಿ ದುಡ್ಡು ಹಾಕಿ ಉದ್ದನೆಯ ಕಂಬ ತಂದರು. ತಿರುಗಿಸಿದರು, ಏರಿಸಿದರು, ಇಳಿಸಿದರು. ಬರೀ ಚುಕ್ಕಿ. ನಮ್ಮೂರಿಗೆ ಮತ್ತೆ ಟಿವಿ ಬಂದಿದ್ದು ಎಷ್ಟೋ ವರ್ಷದ ಮೇಲೆ.

ತೊಗರಿ ನಾಡು

ಅಕ್ಕಾ, ಖಂಡಿತ ಬೇಕು. ಬರಲಿಲ್ಲ ಅನ್ನುವ ಊರು ಬಂತು ಅನ್ನುವ ಊರಿನಷ್ಟೇ ಮುಖ್ಯ. ನಿಮ್ಮ ಮಾತು ಓದಿ ನಾನು ನಕ್ಷೆ ತೆಗೆದು ಅಳತೆ ಮಾಡಿದೆ. ಕಲಬುರಗಿಯಿಂದ ರಾಯಚೂರು ನೇರ ಗೆರೆಯಲ್ಲಿ ಸುಮಾರು 135 ಕಿಲೋಮೀಟರ್. ಬಿಜಾಪುರ, ಈಗಿನ ವಿಜಯಪುರ, ಸುಮಾರು 130. ಅಂದರೆ ಉಪಗ್ರಹ ಮೂರು ಜಿಲ್ಲೆಗೂ ಕೊಟ್ಟಿದ್ದನ್ನು ಟವರ್ ಒಂದೇ ಜಿಲ್ಲೆಗೆ ಕೊಡಲು ಸಾಧ್ಯವಾಯಿತು. ನಾನು ಮೊದಲ ಪೋಸ್ಟಿನಲ್ಲಿ ಹಳ್ಳಿಗಳನ್ನು ಕೈಬಿಡಬಾರದು ಅಂತ ಟವರ್ ನಿಲ್ಲಿಸಿದರು ಅಂತ ಬರೆದೆ. ಅರ್ಧ ಮಾತ್ರ ನಿಜ. ನಿಮ್ಮ ಕಡೆಯ ಹಳ್ಳಿಗಳು ಕೈಬಿಟ್ಟೇ ಹೋದವು. ನಮಗೂ 1976ರ ಜುಲೈ ಕೊನೆಯಿಂದ 1977ರ ಸೆಪ್ಟೆಂಬರ್‌ವರೆಗೆ ಹದಿಮೂರು ತಿಂಗಳು ಏನೂ ಇರಲಿಲ್ಲ. ನಿಮ್ಮದು ಅದಕ್ಕಿಂತ ಎಷ್ಟೋ ದೊಡ್ಡ ಕಾಯುವಿಕೆ.

ರಿಪೇರಿ ಅಂಗಡಿ

ನಾನು ಮೂವತ್ತೈದು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವನು. ನಾನು ಆಂಟೆನಾ ಕಟ್ಟದ ಓಣಿ ಇಲ್ಲ. ಕವರೇಜ್ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ, ನಕ್ಷೆಗೆ ಅನುಕೂಲ ಆಗುತ್ತದೆ.

ಟಿವಿ ಅಲೆ ರೇಡಿಯೋದ ಮೀಡಿಯಂ ವೇವ್ ಥರ ನೆಲ ಹಿಡಿದು ಹೋಗುವುದಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಥರ ನೇರ ಹೋಗುತ್ತದೆ, ಚೂರು ಮಾತ್ರ ಬಾಗುತ್ತದೆ. ಭೂಮಿ ಗುಂಡಗಿದೆ, ಹಾಗಾಗಿ ಒಂದು ದೂರ ಆದಮೇಲೆ ಅಲೆ ನಮ್ಮ ತಲೆ ಮೇಲೆ ಹಾದು ಹೋಗುತ್ತದೆ. ಲೆಕ್ಕ ಸುಲಭ. ಟವರಿನ ಎತ್ತರ ಮೀಟರಿನಲ್ಲಿ ತಗೊಳ್ಳಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಅಷ್ಟು ಕಿಲೋಮೀಟರ್. ನೂರು ಮೀಟರ್ ಟವರ್ ಆದರೆ 41. ಮನೆ ಮೇಲಿನ ಆಂಟೆನಾದ ಎತ್ತರಕ್ಕೂ ಇದೇ ಲೆಕ್ಕ ಹಾಕಿ ಕೂಡಿಸಿ. 30 ಅಡಿ ಅಂದರೆ ಒಂಬತ್ತು ಮೀಟರ್ ಆಂಟೆನಾ ಇನ್ನೂ 12 ಕಿಲೋಮೀಟರ್ ತಂದು ಕೊಡುತ್ತದೆ. ಅದಕ್ಕೇ ಜನ ಕಂಬದ ಮೇಲೆ ಕಂಬ ಕಟ್ಟುತ್ತಿದ್ದದ್ದು. ಸುಮ್ನೆ ಅಲ್ಲ ಅದು. ಈ ಗಡಿ ದಾಟಿದ ಊರಿಗೂ ಸಿಗ್ನಲ್ ಪೂರ್ತಿ ಸಾಯುವುದಿಲ್ಲ, ಸಣಕಲಾಗಿ ಇರುತ್ತದೆ. ಅದನ್ನು ಹಿಡಿಯುವುದೇ ನಮ್ಮ ಕಸುಬು.

ಹಿಡಿಯುವುದು ಹೇಗೆ? ಆಂಟೆನಾಗೆ ಮುಂದೆ ಕಡ್ಡಿ ಜಾಸ್ತಿ ಹಾಕಬೇಕು. ಹಿಂದೆ ಒಂದು ಉದ್ದ ಕಡ್ಡಿ, ಅದರ ಮುಂದೆ ಮಡಚಿದ ಕಡ್ಡಿ, ಅದಕ್ಕೇ ವಯರ್ ಕಟ್ಟುವುದು. ಆಮೇಲೆ ಮುಂದಿನ ಕಡ್ಡಿಗಳು ಸ್ವಲ್ಪ ಸ್ವಲ್ಪ ಗಿಡ್ಡ. ಕಡ್ಡಿಯ ಉದ್ದ ಚಾನೆಲ್ ಮೇಲೆ ಹೋಗುತ್ತದೆ. ಮುಂಬೈಯ ಚಾನೆಲ್ 4ಕ್ಕೆ ಎರಡು ಮೀಟರ್ ದಾಟಿದ ಕಡ್ಡಿ ಬೇಕು. 5ರಿಂದ 12ರವರೆಗಿನ ಚಾನೆಲ್ಲಿಗೆ ಮುಕ್ಕಾಲು ಮೀಟರ್ ಆಜುಬಾಜು ಸಾಕು. ಮುಂಬೈಗೆ ದುಡಿಯಲು ಹೋದವರು ಪ್ರೀತಿಯಿಂದ ಅಲ್ಲಿಂದ ಆಂಟೆನಾ ಹೊತ್ತು ತಂದು ಇಲ್ಲಿ ಕಟ್ಟಿಸಿ, ಯಾಕೆ ಚಿತ್ರ ಬರುತ್ತಿಲ್ಲ ಅಂತ ನನ್ನ ಅಂಗಡಿಗೆ ಬರುತ್ತಿದ್ದರು. ಕಡ್ಡಿ ಕತ್ತರಿಸಿ ಸರಿ ಮಾಡಿ ಕೊಡುತ್ತಿದ್ದೆ.

ಇನ್ನೊಂದು, ವಯರ್. ಚಪ್ಪಟೆ ವಯರ್ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಸೀಳುತ್ತದೆ. ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಮಳೆ ನೀರು ಒಳಗೆ ಇಳಿದರೆ ಚಿತ್ರ ಹೋಯಿತು. ಅರ್ಧಕ್ಕರ್ಧ ಕಂಪ್ಲೇಂಟ್ ಸಿಗ್ನಲ್ಲಿನದಲ್ಲ, ವಯರಿನದು. ಹೊಸ ವಯರ್ ಹಾಕಿದ ಕೂಡಲೇ ಚಿತ್ರ ತೊಳೆದಿಟ್ಟ ಹಾಗೆ ಬರುತ್ತಿತ್ತು. ಇನ್ನರ್ಧ ಕೋತಿಗಳದು.

ಭೀಮಾ ತೀರ

ಕಾಕಾ, ನೀವು ಹೇಳಿದ ಮೇಲೆ ನೆನಪಾಯಿತು. ಮಾಳಿಗೆ ಮೇಲೆ ಒಬ್ಬ, ಅಂಗಳದಲ್ಲಿ ಒಬ್ಬ, ಒಳಗೆ ಟಿವಿ ಮುಂದೆ ಒಬ್ಬ. ಮೇಲಿನವನು "ಬಂತೇನೋ?" ಅಂತ ಕೂಗುವುದು, ಅಂಗಳದವನು ಅದನ್ನೇ ಒಳಗೆ ಕೂಗುವುದು, ಒಳಗಿನಿಂದ "ಬಂತು ಬಂತು, ಅಲ್ಲೇ ಬಿಡು!" ಅಂತ. ಕೈ ಬಿಟ್ಟ ಕೂಡಲೇ ಹೋಗುತ್ತಿತ್ತು. ಮನುಷ್ಯ ಕಂಬ ಹಿಡಿದು ನಿಂತರೆ ಮಾತ್ರ ಚಿತ್ರ ಬರುತ್ತಿತ್ತು. ಅದು ಯಾಕೆ?

ರಿಪೇರಿ ಅಂಗಡಿ

ತಮ್ಮಾ, ಮನುಷ್ಯನ ಮೈಯೂ ಅಲೆ ಹಿಡಿಯುತ್ತದೆ, ತಡೆಯುತ್ತದೆ. ಸಿಗ್ನಲ್ ಗಟ್ಟಿ ಇದ್ದ ಕಡೆ ಇದು ಗೊತ್ತಾಗುವುದಿಲ್ಲ. ತೂಗುಯ್ಯಾಲೆಯಲ್ಲಿ ಇರುವ ಊರಲ್ಲಿ ಅಷ್ಟೇ ವ್ಯತ್ಯಾಸ ಸಾಕು. ಅಂಥ ಕಡೆ ನಾನು ಕಂಬವನ್ನು ಒಂದು ಮೊಳ ಆಚೆ ಈಚೆ ಸರಿಸಿ ನೋಡುತ್ತಿದ್ದೆ, ಎತ್ತರ ಬದಲಿಸದೆ. ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತಿತ್ತು.

ಬೀದರ್ ಕೋಟೆ

ನಮ್ಮ ಕಥೆ ಬೇರೆ ಥರ ಇದೆ. ಬೀದರಿನಿಂದ ಕಲಬುರಗಿ ನೇರ ಗೆರೆಯಲ್ಲಿ ನೂರು ಕಿಲೋಮೀಟರ್ ಹತ್ತಿರ, ಹೈದರಾಬಾದ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ದೂರವೇ. ಆದರೆ ಬೀದರ್ ಎತ್ತರದಲ್ಲಿದೆ. ನಮ್ಮ ಮನೆ ಮೇಲಿನ ಆಂಟೆನಾವನ್ನು ನಮ್ಮ ತಂದೆ ಒಂದು ಕಡೆ ತಿರುಗಿಸಿದರೆ ಮಸುಕಾಗಿ ಕನ್ನಡ, ಇನ್ನೊಂದು ಕಡೆ ತಿರುಗಿಸಿದರೆ ಮಸುಕಾಗಿ ತೆಲುಗು. ತೆಲುಗೇ ಜಾಸ್ತಿ ಸಲ ಸಿಗುತ್ತಿತ್ತು. ನಾನು ತೆಲುಗು ಕಲಿತಿದ್ದೇ ಹಾಗೆ, ಶಾಲೆಯಲ್ಲಿ ಅಲ್ಲ.

ಚಳಿಗಾಲದ ಬೆಳಿಗ್ಗೆ, ಮಂಜು ಬಿದ್ದ ದಿನ, ಇದ್ದಕ್ಕಿದ್ದ ಹಾಗೆ ಚಿತ್ರ ಸ್ಪಷ್ಟ ಬರುತ್ತಿತ್ತು. ಬಿಸಿಲು ಏರಿದ ಹಾಗೆ ಕರಗಿ ಹೋಗುತ್ತಿತ್ತು. ಕೆಲವು ಸಲ ಚಿತ್ರದ ಮೇಲೆ ಅಡ್ಡಡ್ಡ ಗೆರೆ ಹರಿದಾಡುತ್ತಿತ್ತು. ಅಮ್ಮ ಟಿವಿ ಕೆಟ್ಟಿತು ಅಂತ ಗಾಬರಿ ಆಗುತ್ತಿದ್ದರು. ಮೇಷ್ಟ್ರೇ, ಇದಕ್ಕೆ ಕಾರಣ ಏನು?

ವಿಜ್ಞಾನ ಮೇಷ್ಟ್ರು

ಚೆನ್ನಾಗಿ ಗಮನಿಸಿದ್ದೀರಿ ತಾಯಿ. ಸಾಮಾನ್ಯವಾಗಿ ನೆಲದ ಹತ್ತಿರ ಗಾಳಿ ಬೆಚ್ಚಗೆ, ಮೇಲೆ ಹೋದ ಹಾಗೆ ತಂಪು. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಆಗ ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಮೇಲೆ ಹೊದಿಕೆ ಹಾಕಿದ ಹಾಗೆ ಕೂರುತ್ತದೆ. ಟಿವಿ ಅಲೆ ಆ ಹೊದಿಕೆಗೆ ತಾಗಿ ಮತ್ತೆ ನೆಲದ ಕಡೆಗೆ ಬಾಗುತ್ತದೆ. ಹಾಗೆ ಬಾಗುತ್ತಾ ಬಾಗುತ್ತಾ ಎಷ್ಟೋ ದೂರ ಹೋಗಿ ಮುಟ್ಟುತ್ತದೆ. ಬಿಸಿಲು ಬಂದು ನೆಲ ಕಾದರೆ ಹೊದಿಕೆ ಹರಿಯಿತು, ಚಿತ್ರ ಹೋಯಿತು.

ಅಡ್ಡ ಗೆರೆಗೆ ಕಾರಣವೂ ಇದೇ. ಅದೇ ಚಾನೆಲ್ಲಿನಲ್ಲಿ ಪ್ರಸಾರ ಮಾಡುವ ಬೇರೆ ದೂರದ ಟವರಿನ ಸಿಗ್ನಲ್ ಕೂಡ ಅವತ್ತು ನಿಮ್ಮ ಮನೆಗೆ ಬಂದಿರುತ್ತದೆ. ಎರಡೂ ಸೇರಿ ಗೆರೆ ಆಗುತ್ತದೆ. ನಿಮ್ಮ ಟಿವಿ ಕೆಟ್ಟಿರಲಿಲ್ಲ, ಅವತ್ತು ಅದಕ್ಕೆ ಇಬ್ಬರು ನೆಂಟರು ಬಂದಿದ್ದರು.

ಅಕ್ಕಲಕೋಟೆ ಕನ್ನಡಿಗ

ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕು ನಮ್ಮದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮಗೂ ಕಲಬುರಗಿ ಬರುತ್ತಿತ್ತು, ದಿನಾ ಅಲ್ಲ. 40 ಅಡಿ ಪೈಪು, ಬೂಸ್ಟರ್ ಹಾಕಿದ ಮೇಲೆ. ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ರಾಜ್ಯದ ಗಡಿ ಆಚೆ ಕೂತ ಅವಳು ಕನ್ನಡದ ವಾರ್ತೆ ಕೇಳುತ್ತಿದ್ದದ್ದು ಈ ಸಿಗ್ನಲ್ಲಿನಿಂದ. ನಕ್ಷೆಯಲ್ಲಿ ಗಡಿ ಗೆರೆ ಬಂದ ಕಡೆ ನಿಲ್ಲಿಸಬೇಡಿ ಅಣ್ಣಾ, ನಮ್ಮನ್ನೂ ಸೇರಿಸಿ.

ತೊಗರಿ ನಾಡು

ಸೇರಿಸಿದೆ. ಇಲ್ಲಿಯವರೆಗೆ ಬಂದ ಉತ್ತರ ನೋಡಿದರೆ, ಜೇವರ್ಗಿ, ಆಳಂದ, ಶಹಾಬಾದ್, ಚಿತ್ತಾಪುರ ಕಡೆ ಗಟ್ಟಿ ಸಿಗ್ನಲ್. ಅಫಜಲಪುರ, ಸೇಡಂ, ಹುಮನಾಬಾದ್ ಕಡೆ ಎತ್ತರದ ಕಂಬ ಬೇಕು. ಚಿಂಚೋಳಿಯಿಂದ ನನಗೆ ಖಾಸಗಿಯಾಗಿ ಒಬ್ಬರು ಬರೆದಿದ್ದಾರೆ. ಅಲ್ಲಿ ಕಾಡು, ಗುಡ್ಡ ಇದೆ. ಗುಡ್ಡದ ಈ ಕಡೆಯ ಊರಿಗೆ ಬರುತ್ತಿತ್ತು, ಅರ್ಧ ಕಿಲೋಮೀಟರ್ ಆಚೆ ಇಳಿಜಾರಿನ ತಾಂಡಾಕ್ಕೆ ಬರುತ್ತಿರಲಿಲ್ಲ. ತಾಂಡಾದವರು ಟಿವಿ ನೋಡಲು ಗುಡ್ಡ ಹತ್ತಿ ಇಳಿದು ಬರುತ್ತಿದ್ದರಂತೆ. ಗುಂಡಗಿನ ಗೆರೆ ಎಳೆದರೆ ಇದು ಕಾಣುವುದಿಲ್ಲ ಅನ್ನುವುದು ಇದಕ್ಕೇ.

ಬೆಂಗಳೂರು ಉತ್ತರ

ಒಂದು ಗೊಂದಲ. 1984ರಲ್ಲಿ ದೇಶದ ತುಂಬಾ ದಿನಕ್ಕೊಂದು ಟ್ರಾನ್ಸ್‌ಮಿಟರ್ ಹಾಕಿದರು ಅಂತ ಓದಿದ್ದೆ. ಆಮೇಲೆ ರಾಯಚೂರು, ಬೀದರ್ ಎಲ್ಲಾ ಕಡೆ ಟಿವಿ ಬಂತಲ್ವಾ? ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು.

ರಿಪೇರಿ ಅಂಗಡಿ

ಟಿವಿ ಬಂತು, ಆದರೆ ಕಲಬುರಗಿ ಬರಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಆಗ ಹಾಕಿದ್ದು ಜಾಸ್ತಿ ಪಾಲು 100 ವ್ಯಾಟಿನ ಚಿಕ್ಕ ಟ್ರಾನ್ಸ್‌ಮಿಟರ್. ಊರು ಮತ್ತು ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿಗೆ ಸಾಕು. ಅವಕ್ಕೆ ಸ್ಟುಡಿಯೋ ಇಲ್ಲ. ಒಂದು ದೊಡ್ಡ ಡಿಶ್ ಇರುತ್ತಿತ್ತು. ಇನ್ಸಾಟ್-1ಬಿ ಉಪಗ್ರಹದಿಂದ ಬಂದದ್ದನ್ನು ಹಿಡಿದು ಊರಿಗೆ ಹಂಚುವುದು ಅಷ್ಟೇ. ಉಪಗ್ರಹದಿಂದ ಬರುತ್ತಿದ್ದುದು ಶುರುವಿನಲ್ಲಿ ದೆಹಲಿ ಕಾರ್ಯಕ್ರಮ. ಹಾಗಾಗಿ ಜಿಲ್ಲಾ ಕೇಂದ್ರದಲ್ಲಿ ಕೂತವರಿಗೆ ಗಾಜಿನ ಹಾಗೆ ಸ್ಪಷ್ಟ ಹಿಂದಿ. ಅಲ್ಲಿಂದ ಆಚೆ ಹಳ್ಳಿಯಲ್ಲಿ ಎತ್ತರದ ಕಂಬ ಹಾಕಿದವರಿಗೆ ಮಸುಕು ಮಸುಕು ಕನ್ನಡ. ನನ್ನ ಅಂಗಡಿಗೆ ಬಂದ ರೈತರು ಸ್ಪಷ್ಟ ಇರುವುದನ್ನು ಬಿಟ್ಟು ಮಸುಕಾದದ್ದನ್ನೇ ಕಟ್ಟಿಕೊಡಿ ಅನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಪೌರಾಣಿಕ ಧಾರಾವಾಹಿಗೆ ಮಾತ್ರ ಆ ಕಡೆ ತಿರುಗಿಸುತ್ತಿದ್ದರು.

ತುಂಗಭದ್ರೆ

ನಿಜ, ನಿಜ. ನಮಗೆ ಮತ್ತೆ ಟಿವಿ ಬಂದಾಗ ಅಜ್ಜಿ ಸಂಭ್ರಮದಿಂದ ಹೋಗಿ ಕೂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು, "ಆಗ ನಮ್ಮ ಮಾತು ಆಡ್ತಿತ್ತಲ್ಲ, ಈಗ ಯಾಕ ಆಡವಲ್ದು?" ಅಂತ. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ವಿಜ್ಞಾನ ಮೇಷ್ಟ್ರು

ಆಮೇಲೆ 1994ರಲ್ಲಿ ಕನ್ನಡಕ್ಕೇ ಅಂತ ದೂರದರ್ಶನದ ಬೇರೆ ಚಾನೆಲ್ ಬಂತು. ಮೊದಲು ಡಿಡಿ-9, ಈಗ ಎಲ್ಲರಿಗೂ ಗೊತ್ತಿರುವ ಚಂದನ. ಬೆಂಗಳೂರು, ಕಲಬುರಗಿ ಎರಡೂ ಸ್ಟುಡಿಯೋದ ಕಾರ್ಯಕ್ರಮ ಅದಕ್ಕೆ ಹೋಗುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಬರಲು ಅಷ್ಟು ವರ್ಷ ಬೇಕಾಯಿತು.

ಬೆಂಗಳೂರು ಉತ್ತರ

ಹಾಗಾದರೆ 2021ರಲ್ಲಿ ಕಲಬುರಗಿ ದೂರದರ್ಶನ ಮುಚ್ಚುತ್ತಾರೆ ಅಂತ ಅಷ್ಟು ಗಲಾಟೆ ಆಗಿದ್ದು ಯಾಕೆ? ಉಪಗ್ರಹದಿಂದ ಚಂದನ ರಾಜ್ಯದ ಮೂಲೆ ಮೂಲೆಗೂ ಬರುತ್ತದೆ. ರಾಯಚೂರಿನ ಅಕ್ಕನ ಊರಿಗೂ, ಚಿಂಚೋಳಿಯ ತಾಂಡಾಕ್ಕೂ ಒಂದೇ ಥರ ಸ್ಪಷ್ಟ. ಟವರ್ ಮಾಡಲಾಗದ್ದನ್ನು ಅದು ಮಾಡಿದೆ. ತಪ್ಪು ತಿಳಿಯಬೇಡಿ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ತೊಗರಿ ನಾಡು

ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆ ಅದು.

ಮೊದಲು ಆಗಿದ್ದೇನು ಅಂತ ಹೇಳುತ್ತೇನೆ. ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದ ತುಂಬಾ ಹಂತ ಹಂತವಾಗಿ ನಿಲ್ಲಿಸುವುದಾಗಿ ದೂರದರ್ಶನ ನಡೆಸುವ ಪ್ರಸಾರ ಭಾರತಿ ಸಂಸ್ಥೆ ಹೇಳಿತು. 2021ರ ಅಕ್ಟೋಬರ್ ಕೊನೆಗೆ ಒಂದು ಹಂತ, ಡಿಸೆಂಬರ್ ಕೊನೆಗೆ ಇನ್ನೊಂದು, 2022ರ ಮಾರ್ಚ್ 31ಕ್ಕೆ ಉಳಿದದ್ದು. ಗಡಿ ಭಾಗದಂಥ ಆಯಕಟ್ಟಿನ ಜಾಗದ ಸುಮಾರು 50 ಮಾತ್ರ ಉಳಿಸುತ್ತೇವೆ ಅಂದರು. ಆ ತಂತ್ರಜ್ಞಾನ ಹಳೆಯದಾಯಿತು, ಕರೆಂಟಿನ ಖರ್ಚು ಉಳಿಯುತ್ತದೆ, ತರಂಗಾಂತರ 5ಜಿಯಂಥ ಹೊಸ ಸೇವೆಗೆ ಸಿಗುತ್ತದೆ ಅಂತ ಕಾರಣ ಕೊಟ್ಟರು. ಅದೇ ಹೊತ್ತಿಗೆ ಕಲಬುರಗಿ ಕೇಂದ್ರವೇ ಬಂದ್ ಅಂತ ಸುದ್ದಿ ಹಬ್ಬಿತು. ಜನ ಬೀದಿಗೆ ಬಂದರು. ಆಗ ಪ್ರಸಾರ ಭಾರತಿ ಅಸ್ಸಾಮಿನ ಸಿಲ್ಚಾರ್ ಮತ್ತು ನಮ್ಮ ಕಲಬುರಗಿಯ ಹೆಸರು ಹೇಳಿಯೇ ಸ್ಪಷ್ಟನೆ ಕೊಟ್ಟಿತು. ಕೇಂದ್ರ ಮುಚ್ಚುವುದಿಲ್ಲ, ಕಲಬುರಗಿಯಲ್ಲಿ ತಯಾರಾದ ಕಾರ್ಯಕ್ರಮ ಚಂದನದಲ್ಲಿ, ಯೂಟ್ಯೂಬಿನಲ್ಲಿ ಬರುತ್ತದೆ ಅಂತ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟವರಿನಿಂದ ಹೊರಟ ಸಿಗ್ನಲ್ ಎಲ್ಲರಿಗೂ ಮುಟ್ಟಲಿಲ್ಲ, ಒಪ್ಪುತ್ತೇನೆ. ಆದರೆ ಅದು ನಮ್ಮದೇ ಟವರ್. ಅದರಲ್ಲಿ ನಮ್ಮ ಕೇಂದ್ರಕ್ಕೆ ಅಂತ ಹೊತ್ತು ಇತ್ತು. ಆ ಹೊತ್ತಿನಲ್ಲಿ ಬೆಂಗಳೂರು ಏನು ಹಾಕುತ್ತದೆ, ದೆಹಲಿ ಏನು ಹಾಕುತ್ತದೆ ಅಂತ ನೋಡಬೇಕಿರಲಿಲ್ಲ. ಆಳಂದದ ಭಜನೆ ಮೇಳ, ಶರಣಬಸವೇಶ್ವರ ಜಾತ್ರೆಯ ತೇರು, ಬಂದೇನವಾಜ್ ಉರುಸು, ತೊಗರಿ ಧಾರಣೆ, ಯಾವುದನ್ನೂ ರಾಜ್ಯದ ಎಲ್ಲಾ ಜಿಲ್ಲೆಗೆ ಬೇಕಾ ಬೇಡವಾ ಅಂತ ತೂಗಬೇಕಿರಲಿಲ್ಲ. ಚಂದನ ಇಡೀ ರಾಜ್ಯದ್ದು. ಮಂಗಳೂರಿನವರಿಗೂ ಮೈಸೂರಿನವರಿಗೂ ಅದರಲ್ಲಿ ಜಾಗ ಬೇಕು, ಅದು ನ್ಯಾಯವೇ. ಆದರೆ ದಿನಕ್ಕೆ ಇರುವುದು 24 ಗಂಟೆ. ಹಂಚಿದರೆ ಪಾಲು ಸಣ್ಣದಾಗುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಅನ್ನುವುದು ಒಂದು, ಅದರ ಒಳಗೆ ನಮ್ಮ ಪಾಲಿನ ಹೊತ್ತು ಎಷ್ಟು ಅನ್ನುವುದು ಇನ್ನೊಂದು. ಮೊದಲನೆಯದು ಈಗ ತುಂಬಿದೆ. ಎರಡನೆಯದಕ್ಕಾಗಿ ನಾವು ಕೇಳುತ್ತಲೇ ಇರಬೇಕು. ಕಲಬುರಗಿ ಕೇಂದ್ರದ ಕಾರ್ಯಕ್ರಮಕ್ಕೆ ಚಂದನದಲ್ಲಿ ದಿನಾ ಒಂದು ನಿಶ್ಚಿತ ಹೊತ್ತು ಇರಲಿ, ಆ ಹೊತ್ತು ಇಂಥದ್ದು ಅಂತ ಹಳ್ಳಿಯ ಅಜ್ಜಿಗೂ ಬಾಯಿಪಾಠ ಆಗಲಿ. ನಾನು ಕೇಳುವುದು ಇಷ್ಟೇ.

ಬೆಂಗಳೂರು ಉತ್ತರ

ಅರ್ಥವಾಯಿತು ಸರ್. ನಾನು ಇದನ್ನು ಹೀಗೆ ಯೋಚಿಸಿರಲಿಲ್ಲ. ಆ ಬೇಡಿಕೆಯ ಪತ್ರ ಬರೆದರೆ ನನ್ನ ಸಹಿಯೂ ಇರಲಿ.

ಅಕ್ಕಲಕೋಟೆ ಕನ್ನಡಿಗ

ನನ್ನದೂ. ಇನ್ನೊಂದು ಸಹಾಯ ಬೇಕು. ಊರಲ್ಲಿ ಅಣ್ಣ ಒಬ್ಬನೇ ಇದ್ದಾನೆ, ತಿಂಗಳ ರೀಚಾರ್ಜ್ ಬೇಡ ಅಂತಾನೆ. ಡಿಡಿ ಫ್ರೀ ಡಿಶ್ ಹಾಕಿಸಿದರೆ ಚಂದನ ಸಿಗುತ್ತಾ? ಹೋದ ಸಲ ಒಬ್ಬರು ಬಂದು ಡಿಶ್ ನಿಲ್ಲಿಸಿ ದುಡ್ಡು ತಗೊಂಡು ಹೋದರು, ಎರಡು ದಿನಕ್ಕೆ ಗಾಳಿಗೆ ತಿರುಗಿ ಹೋಯಿತು.

ರಿಪೇರಿ ಅಂಗಡಿ

ಸಿಗುತ್ತದೆ, ತಿಂಗಳ ದುಡ್ಡು ಇಲ್ಲ. ಡಿಶ್, ಬಾಕ್ಸ್ ಒಮ್ಮೆ ಕೊಂಡರೆ ಮುಗಿಯಿತು. 2004ರಲ್ಲಿ ಶುರುವಾದ ಸೇವೆ ಅದು, ಮೊದಲು ಡಿಡಿ ಡೈರೆಕ್ಟ್ ಪ್ಲಸ್ ಅಂತಿದ್ದರು. ಈಗ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ಅದು 93.5 ಡಿಗ್ರಿ ಪೂರ್ವದಲ್ಲಿದೆ. ಬಾಕ್ಸ್ ತಗೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಅಡಕ ಮಾಡಿ ಕಳಿಸುವ ಹೊಸ ವಿಧಾನ) ಇರುವುದನ್ನೇ ತಗೊಳ್ಳಿ. ಡಿಶ್ಶಿನ ಕಾಲನ್ನು ಮಣ್ಣಿನ ಮಾಳಿಗೆಗೆ ಮೊಳೆ ಹೊಡೆದು ನಿಲ್ಲಿಸಬೇಡಿ. ಒಂದು ಚೌಕ ಫರಸಿ ಕಲ್ಲಿಗೆ ಬೋಲ್ಟ್ ಹಾಕಿ ಬಿಗಿದು, ಆ ಕಲ್ಲನ್ನೇ ಮಾಳಿಗೆ ಮೇಲೆ ಇಡಿ. ಯಾವ ಗಾಳಿಗೂ ಅಲ್ಲಾಡುವುದಿಲ್ಲ.

ವಿಜ್ಞಾನ ಮೇಷ್ಟ್ರು

ದಿಕ್ಕು ನಾನು ಹೇಳುತ್ತೇನೆ. ಕಲಬುರಗಿಯಲ್ಲಿ ನಿಂತರೆ ಈ ಉಪಗ್ರಹ ಸರಿಯಾಗಿ ಆಗ್ನೇಯ ಮೂಲೆಯಲ್ಲಿದೆ. ಉತ್ತರದಿಂದ ಬಲಕ್ಕೆ 135 ಡಿಗ್ರಿ, ನೆಲದಿಂದ ಮೇಲಕ್ಕೆ 62 ಡಿಗ್ರಿ. ಅಕ್ಕಲಕೋಟೆಗೂ ಹೆಚ್ಚುಕಡಿಮೆ ಅದೇ. ಅಡುಗೆಮನೆ ಮೂಲೆ ಯಾವ ಕಡೆ ಅಂತ ಕೇಳಿ, ಆ ಕಡೆ ತಿರುಗಿಸಿ, ಆಮೇಲೆ ಬೆರಳಷ್ಟು ಆಚೆ ಈಚೆ ಮಾಡಿದರೆ ಸಾಕು.

ಹೇಳುತ್ತಾ ಹೇಳುತ್ತಾ ಇನ್ನೊಂದು ಲೆಕ್ಕ ಹಾಕಿದೆ. 1975ರ ಆ ಎಟಿಎಸ್-6 ಇದ್ದದ್ದು 35 ಡಿಗ್ರಿ ಪೂರ್ವದಲ್ಲಿ, ಅಂದರೆ ಆಫ್ರಿಕಾದ ಮೇಲೆ. ನಮ್ಮ ಕಡೆಯಿಂದ ಅದು ಪಡುವಣಕ್ಕೆ, ಚೂರು ತೆಂಕಣಕ್ಕೆ. ಉತ್ತರದಿಂದ 252 ಡಿಗ್ರಿ, ಮೇಲಕ್ಕೆ 38. ಅಂದರೆ ಆಗಿನ ಬಲೆ ಆಂಟೆನಾ ಸಂಜೆ ಸೂರ್ಯ ಮುಳುಗುವ ಕಡೆಗೆ ಮುಖ ಮಾಡಿತ್ತು. ಯಾರ ಊರಲ್ಲಾದರೂ ಅದು ನಿಂತಿದ್ದ ಜಾಗ ಉಳಿದಿದ್ದರೆ ನೋಡಿ ಹೇಳುತ್ತೀರಾ?

ತುಂಗಭದ್ರೆ

ಮೇಷ್ಟ್ರೇ, ಈ ಭಾನುವಾರ ಅಜ್ಜಿಯ ಊರಿಗೆ ಹೋಗಿ ಬಂದೆ. ಅಜ್ಜಿ ಈಗ ಇಲ್ಲ. ಶಾಲೆ ಇದೆ, ಹೊಸ ಕಟ್ಟಡ ಆಗಿದೆ. ಹಿಂದುಗಡೆ ಜಾಲಿ ಗಿಡದ ನಡುವೆ ಒಂದು ಸಿಮೆಂಟ್ ಕಟ್ಟೆ ಇದೆ. ಅದರಲ್ಲಿ ಮೂರು ಕಬ್ಬಿಣದ ತುಂಡು, ತುಕ್ಕು ಹಿಡಿದು ಬೆರಳಷ್ಟಾಗಿವೆ. ಮಕ್ಕಳು ಅದರ ಮೇಲೆ ಕೂತು ಊಟದ ತಟ್ಟೆ ತೊಳೆಯುತ್ತಾರೆ.

ಪಕ್ಕದ ಮನೆಯ ಅಜ್ಜನನ್ನು ಕರೆದುಕೊಂಡು ಬಂದೆ. ಎಂಬತ್ತರ ಮೇಲೆ ವಯಸ್ಸು. ಬಲೆ ಯಾವ ಕಡೆ ಮುಖ ಮಾಡಿತ್ತು ಅಜ್ಜಾ ಅಂತ ಕೇಳಿದೆ. ಕೋಲು ಎತ್ತಿ ಹೊಲದ ಆಚೆ ಒಂದು ಹುಣಸೆ ಮರ ತೋರಿಸಿದರು. "ಆ ಮರದ ನೆತ್ತಿ ಮ್ಯಾಲ" ಅಂದರು. ಫೋನಿನ ದಿಕ್ಸೂಚಿ ತೆಗೆದು ಅವರ ಕೋಲಿನ ಸಾಲಿಗೆ ಹಿಡಿದೆ.

248 ಡಿಗ್ರಿ ತೋರಿಸಿತು.